ಮೊಲದ ಚಿತ್ರವೊಂದೇ ಸಾಲದು: ಕ್ರೂಯೆಲ್ಟಿ ಫ್ರೀ ಶಾಂಪೂ, ಕ್ರೀಮು, ಲಿಪ್‌ಸ್ಟಿಕ್ ಆರಿಸುವುದು ಹೇಗೆ?

ಶಾಂಪೂ, ಕ್ರೀಮು, ಲಿಪ್‌ಸ್ಟಿಕ್‌ಗಳ ಮೇಲೆ ಪುಟ್ಟ ಮೊಲದ ಚಿತ್ರ ನೋಡಿರುತ್ತೀರಿ. ಈ ವಸ್ತು ಕ್ರೂಯೆಲ್ಟಿ ಫ್ರೀ, ಅಂದರೆ ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂದು ಹೇಳುವ ಗುರುತು ಅದು. ಅಲ್ಲಿ ಮೊಲವೇ ಯಾಕೆ ಬಂತು? ಸೌಂದರ್ಯವರ್ಧಕಗಳ ಪರೀಕ್ಷೆಯಲ್ಲಿ ತುಂಬಾ ನೋವು ತಿಂದ ಪ್ರಾಣಿ ಅದು. 1944ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯ ವಿಜ್ಞಾನಿ ಜಾನ್ ಡ್ರೇಝ್ ಮತ್ತು ಅವರ ಜೊತೆಗಾರರು ಒಂದು ಪರೀಕ್ಷೆ ರೂಪಿಸಿದರು. ಬಿಳಿ ಮೊಲದ ಒಂದು ಕಣ್ಣಿಗೆ ವಸ್ತುವನ್ನು ಹಾಕುವುದು, ಇನ್ನೊಂದನ್ನು ಹಾಗೇ ಬಿಡುವುದು, ಆಮೇಲೆ ಕಣ್ಣು ಕೆಂಪಾಯಿತೇ, ಊದಿತೇ, ಹುಣ್ಣಾಯಿತೇ ಎಂದು ದಿನಗಟ್ಟಲೆ ನೋಡುತ್ತಾ ಅಂಕ ಹಾಕುವುದು. ಕಣ್ಣು ಉಜ್ಜಿಕೊಳ್ಳಬಾರದು ಅಂತ ತಲೆ ಮಾತ್ರ ಹೊರಗಿರುವಂಥ ಪೆಟ್ಟಿಗೆಯೊಳಗೆ ಮೊಲವನ್ನು ಕೂರಿಸುತ್ತಿದ್ದರು.

1980ರ ಏಪ್ರಿಲ್‌ನಲ್ಲಿ ಹೆನ್ರಿ ಸ್ಪೈರಾ ಎಂಬ ನ್ಯೂಯಾರ್ಕಿನ ಮೇಷ್ಟರು ಒಂದಷ್ಟು ಸಂಘಟನೆಗಳನ್ನು ಜೊತೆ ಸೇರಿಸಿ, ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಪುಟ ತುಂಬಾ ಜಾಹೀರಾತು ಹಾಕಿಸಿದರು. ಸೌಂದರ್ಯಕ್ಕಾಗಿ ರೆವ್ಲಾನ್ ಕಂಪನಿ ಎಷ್ಟು ಮೊಲಗಳನ್ನು ಕುರುಡು ಮಾಡುತ್ತಿದೆ ಎಂದು ಅದರಲ್ಲಿ ಕೇಳಿದ್ದರು. ಅದೇ ವರ್ಷ ಮುಗಿಯುವುದರೊಳಗೆ ಕಂಪನಿ ಪರ್ಯಾಯ ಪರೀಕ್ಷೆಗಳ ಸಂಶೋಧನೆಗೆ ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ 7.5 ಲಕ್ಷ ಡಾಲರ್ ಕೊಡಲು ಒಪ್ಪಿತು. ಈ ಘಟನೆ ನನಗೆ ಮುಖ್ಯ ಅನಿಸುವುದಕ್ಕೆ ಕಾರಣವಿದೆ. ಆಗ ಕಂಪನಿಯನ್ನು ತಡೆಯುವ ಕಾನೂನು ಇರಲಿಲ್ಲ. ಕೊಳ್ಳುವವರು ಕೇಳಿದರು, ಕಂಪನಿ ಬಗ್ಗಿತು. ನಾವು ಕೇಳಬೇಕಾದ ಪ್ರಶ್ನೆಗಳು ಇಂದಿಗೂ ಮುಗಿದಿಲ್ಲ. ಆದರೆ ಸರಿಯಾದ ಪ್ರಶ್ನೆ ಯಾವುದು ಅಂತ ತಿಳಿದಿರಬೇಕು.

ಹೆಜ್ಜೆ 1: ನಮ್ಮ ಕಾನೂನು ಏನನ್ನುತ್ತದೆ, ತಿಳಿದುಕೊಳ್ಳಿ

ಭಾರತದಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2014ರ ಮೇ ತಿಂಗಳಲ್ಲೇ ನಿಷೇಧಿಸಲಾಗಿದೆ. ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ನಿಯಮಗಳಿಗೆ 148-ಸಿ ಎಂಬ ಹೊಸ ನಿಯಮ ಸೇರಿಸಿ ಇದನ್ನು ಜಾರಿಗೆ ತಂದರು. ಹಾಗೆ ಪರೀಕ್ಷಿಸಿದ ವಸ್ತುಗಳ ಆಮದನ್ನೂ ಅದೇ ವರ್ಷದ ನವೆಂಬರ್‌ನಿಂದ ನಿಲ್ಲಿಸಿದರು. ದಕ್ಷಿಣ ಏಷ್ಯಾದಲ್ಲಿ ಈ ಕೆಲಸ ಮೊದಲು ಮಾಡಿದ್ದು ನಮ್ಮ ದೇಶವೇ. 2020ರ ಕಾಸ್ಮೆಟಿಕ್ಸ್ ನಿಯಮಗಳಲ್ಲೂ ನಿಷೇಧ ಮುಂದುವರಿದಿದೆ.

ಹಾಗಾದರೆ ಇನ್ನೇನು ಚಿಂತೆ ಅಂತ ಕೇಳಬಹುದು. ಇಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದು, "ನಾವು ಭಾರತದಲ್ಲಿ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವುದಿಲ್ಲ" ಎಂದು ಕಂಪನಿ ದೊಡ್ಡದಾಗಿ ಬರೆದುಕೊಂಡರೆ ಅದರಲ್ಲಿ ಹೆಗ್ಗಳಿಕೆ ಏನೂ ಇಲ್ಲ. ಎಲ್ಲರೂ ಪಾಲಿಸಲೇಬೇಕಾದ ಕಾನೂನು ಅದು. ಎರಡನೆಯದು, ಈ ನಿಷೇಧ ಇರುವುದು ಸೌಂದರ್ಯವರ್ಧಕಗಳಿಗೆ ಮಾತ್ರ. ಅದೇ ಕಂಪನಿ ಬೇರೆ ದೇಶದಲ್ಲಿ ಏನು ಮಾಡುತ್ತದೆ, ಅದಕ್ಕೆ ಕಚ್ಚಾ ವಸ್ತು ಮಾರುವವರು ಏನು ಮಾಡುತ್ತಾರೆ ಎಂಬುದನ್ನೆಲ್ಲ ಈ ನಿಯಮ ಹೇಳುವುದಿಲ್ಲ.

ಪ್ರಾಣಿಗಳ ಮೇಲೆ ಪರೀಕ್ಷಿಸದಿದ್ದರೆ ನಮಗೆ ಸುರಕ್ಷಿತವಾ ಎಂಬ ಅನುಮಾನವೂ ಸಹಜ, ಅದರಲ್ಲೂ ಮಕ್ಕಳಿರುವ ಮನೆಯಲ್ಲಿ. ಈಗ ಮನುಷ್ಯರ ಚರ್ಮದ ಜೀವಕೋಶಗಳಿಂದಲೇ ಪ್ರಯೋಗಾಲಯದಲ್ಲಿ ತೆಳುವಾದ ಚರ್ಮದ ಪದರ ಬೆಳೆಸುತ್ತಾರೆ. ಅದರ ಮೇಲೆ ವಸ್ತುವನ್ನು ಹಚ್ಚಿ ಉರಿ ತರುತ್ತದೆಯೇ ಎಂದು ನೋಡುತ್ತಾರೆ. ಈ ವಿಧಾನಕ್ಕೆ 2010ರಲ್ಲಿ ಮುಂದುವರಿದ ದೇಶಗಳ ಒಕ್ಕೂಟವಾದ ಒಇಸಿಡಿಯ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಕಣ್ಣಿನ ಕಾರ್ನಿಯಾದಂಥ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ) ಪದರ ಬೆಳೆಸಿ ಮಾಡುವ ಪರೀಕ್ಷೆಗೆ 2015ರಲ್ಲಿ ಸಿಕ್ಕಿತು. ಅಲರ್ಜಿ ಬರುತ್ತದೆಯೇ ಎಂದು ತಿಳಿಯಲು ಪ್ರಾಣಿಗಳಿಲ್ಲದ ಹಲವು ಪರೀಕ್ಷೆಗಳ ಫಲಿತಾಂಶ ಒಟ್ಟಿಗಿಟ್ಟು ತೀರ್ಮಾನಿಸುವ ಕ್ರಮ 2021ರಲ್ಲಿ ಬಂತು. ಮೊಲದ ಕಣ್ಣು ನಮ್ಮ ಕಣ್ಣಿನಂತೆ ಇಲ್ಲ ಅನ್ನುವುದನ್ನೂ ಮರೆಯಬಾರದು. ಅದಕ್ಕೆ ಮೂರನೇ ರೆಪ್ಪೆ ಇದೆ, ಕಣ್ಣೀರು ಕಡಿಮೆ, ಕಾರ್ನಿಯಾ ತೆಳು. ಮನುಷ್ಯರ ಜೀವಕೋಶದ ಮೇಲೆ ಮಾಡಿದ ಪರೀಕ್ಷೆ ನಮಗೆ ಹೆಚ್ಚು ಹತ್ತಿರದ್ದಲ್ವಾ?

ಹೆಜ್ಜೆ 2: ಕೈಯಲ್ಲಿರುವ ಡಬ್ಬಿ ಕಾನೂನಿನ ಲೆಕ್ಕದಲ್ಲಿ ಏನು?

ಡಬ್ಬಿ ತಿರುಗಿಸಿ ಹಿಂಬದಿ ಓದಿ. ಇದನ್ನು ಬಹಳ ಜನ ಮಾಡುವುದಿಲ್ಲ.

ಮುಖಕ್ಕೆ ಹಚ್ಚುವ ಕ್ರೀಮು, ತಲೆಗೆ ಹಾಕುವ ಎಣ್ಣೆ ಎಷ್ಟೋ ಸಲ "ಆಯುರ್ವೇದಿಕ್ ಪ್ರೊಪ್ರೈಟರಿ ಮೆಡಿಸಿನ್" ಎಂಬ ಹೆಸರಲ್ಲಿ ಮಾರಾಟವಾಗುತ್ತವೆ. ಅಂದರೆ ಕಾನೂನಿನ ಪ್ರಕಾರ ಅದು ಔಷಧ. ಅದರ ಪರವಾನಗಿ ಬೇರೆ, ನಿಯಮಗಳು ಬೇರೆ. ಸೌಂದರ್ಯವರ್ಧಕಗಳ ನಿಷೇಧ ಅದಕ್ಕೆ ನೇರವಾಗಿ ಅನ್ವಯಿಸುವುದಿಲ್ಲ. ಗಿಡಮೂಲಿಕೆಯದು, ಆಯುರ್ವೇದದ್ದು ಅಂದ ಕೂಡಲೇ ಪ್ರಾಣಿಗಳಿಗೆ ನೋವಾಗಿಲ್ಲ ಎಂದು ನಾವು ನಂಬಿಬಿಡುತ್ತೇವೆ. ಹಾಗೆ ನಂಬುವ ಮೊದಲು ಕಂಪನಿಯನ್ನು ಕೇಳಬೇಕು. ಚರ್ಮದ ವೈದ್ಯರು ಬರೆದುಕೊಡುವ ಮುಲಾಮು ಕೂಡ ಔಷಧವೇ. ಆದರೆ ಅದನ್ನು ಈ ಕಾರಣಕ್ಕೆ ನಿಲ್ಲಿಸಲು ಹೋಗಬೇಡಿ.

ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸೋಪು, ನೆಲ ಒರೆಸುವ ದ್ರವ ಇವು ಸೌಂದರ್ಯವರ್ಧಕಗಳಲ್ಲ. ಹಾಗಾಗಿ ಆ ನಿಷೇಧ ಇವನ್ನು ಮುಟ್ಟುವುದಿಲ್ಲ. ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್ ಸಾಮಾನ್ಯವಾಗಿ ಸೌಂದರ್ಯವರ್ಧಕಗಳ ಪಟ್ಟಿಗೆ ಬರುತ್ತವೆ.

ವಿದೇಶಿ ವಸ್ತುವನ್ನು ಆನ್‌ಲೈನಲ್ಲಿ ತರಿಸುತ್ತಿದ್ದರೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಲೇಬಲ್ ಮೇಲೆ ಇದೆಯೇ ನೋಡಿ. ಇವಿಲ್ಲದೆ ಬಂದ ಡಬ್ಬಿ ನಮ್ಮ ನಿಯಮಗಳನ್ನು ದಾಟಿಕೊಂಡು ಬಂದಿರುವ ಸಾಧ್ಯತೆ ಜಾಸ್ತಿ. ಅಂಥದ್ದನ್ನು ನಾನಂತೂ ಕೊಳ್ಳುವುದಿಲ್ಲ.

ಹೆಜ್ಜೆ 3: ಮೂರು ಹಂತಗಳನ್ನು ಬೇರೆ ಬೇರೆಯಾಗಿ ಕೇಳಿ

ಒಂದು ಕ್ರೀಮಿನ ಹಿಂದೆ ಮೂರು ಕಡೆ ಪರೀಕ್ಷೆ ನಡೆದಿರಬಹುದು. ತಯಾರಾದ ಕ್ರೀಮಿನ ಮೇಲೆ, ಅದರೊಳಗಿನ ಒಂದೊಂದು ಕಚ್ಚಾ ವಸ್ತುವಿನ ಮೇಲೆ, ಇಲ್ಲವೇ ಕಂಪನಿಯ ಪರವಾಗಿ ಬೇರೆ ಯಾರೋ ಬೇರೆ ದೇಶದಲ್ಲಿ ಮಾಡಿದ್ದು. ಜಾಹೀರಾತುಗಳು ಸಾಮಾನ್ಯವಾಗಿ ಮೊದಲನೆಯದರ ಬಗ್ಗೆ ಮಾತ್ರ ಮಾತಾಡುತ್ತವೆ. "ಈ ಉತ್ಪನ್ನವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ" ಅನ್ನುವುದು ನಿಜವೇ ಇರಬಹುದು. ಕಚ್ಚಾ ವಸ್ತುವಿನ ಕಥೆ ಮಾತ್ರ ಅದರಲ್ಲಿ ಇರುವುದಿಲ್ಲ.

ಯುರೋಪಿನ ಉದಾಹರಣೆ ನೋಡಿ. ಅಲ್ಲಿ 2004ರಲ್ಲಿ ತಯಾರಾದ ಸೌಂದರ್ಯವರ್ಧಕಗಳ ಪರೀಕ್ಷೆ ನಿಂತಿತು, 2009ರಲ್ಲಿ ಕಚ್ಚಾ ವಸ್ತುಗಳದು. 2013ರ ಮಾರ್ಚ್‌ನಿಂದ ಹಾಗೆ ಪರೀಕ್ಷಿಸಿದ್ದರ ಮಾರಾಟವೂ ಪೂರ್ತಿ ಬಂದ್. ಇಷ್ಟಾದರೂ ರಾಸಾಯನಿಕಗಳಿಗೆ ಬೇರೆಯೇ ಒಂದು ಕಾನೂನಿದೆ, ರೀಚ್ ಅಂತ. ಕಾರ್ಖಾನೆಯಲ್ಲಿ ಆ ರಾಸಾಯನಿಕ ಮುಟ್ಟುವ ಕೆಲಸಗಾರರ ಸುರಕ್ಷತೆಗಾಗಿ ಪ್ರಾಣಿಗಳ ಮೇಲಿನ ಪರೀಕ್ಷೆ ಮಾಡಿ ಎಂದು ಅದರಡಿ ಕೇಳಬಹುದು. ಸನ್‌ಸ್ಕ್ರೀನ್‌ನಲ್ಲಿ ಹಾಕುವ ಹೋಮೊಸಲೇಟ್ ಮತ್ತು ಎಥಿಲ್‌ಹೆಕ್ಸಿಲ್ ಸ್ಯಾಲಿಸಿಲೇಟ್ ವಿಷಯದಲ್ಲಿ ಹೀಗೇ ಆಯಿತು. ತಯಾರಕ ಕಂಪನಿ ಸಿಮ್ರೈಸ್ ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋಯಿತು. 2023ರ ನವೆಂಬರ್‌ನಲ್ಲಿ ಸೋತಿತು. ಪರೀಕ್ಷೆ ಬೇಡ ಎಂದು ಯುರೋಪಿನ 12 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದ ಮನವಿ ಅಷ್ಟರಲ್ಲಿ ಯುರೋಪಿಯನ್ ಕಮಿಷನ್ ಕೈ ಸೇರಿತ್ತು. ಅಷ್ಟು ಬಿಗಿಯಾದ ಕಾನೂನಿರುವ ಕಡೆಯೇ ಹೀಗೆ. ಅದಕ್ಕೇ ಕಚ್ಚಾ ವಸ್ತುವಿನ ಬಗ್ಗೆ ಪ್ರತ್ಯೇಕವಾಗಿ ಕೇಳಿ ಅನ್ನುವುದು.

ಆರಿಸುವಾಗ ಇನ್ನೊಂದು ವಿಷಯವೂ ಉಪಯೋಗಕ್ಕೆ ಬರುತ್ತದೆ. ಹಳೆಯದಕ್ಕೂ ಕೆಲವೊಮ್ಮೆ ಕೇಳುತ್ತಾರೆ, ಆದರೆ ಹೊಸ ಸುರಕ್ಷತಾ ಮಾಹಿತಿ ಹೆಚ್ಚಾಗಿ ಬೇಕಾಗುವುದು ಹೊಸ ರಾಸಾಯನಿಕ ಬಂದಾಗ. ವರ್ಷಗಳಿಂದ ಬಳಕೆಯಲ್ಲಿರುವ, ಸುರಕ್ಷಿತ ಎಂದು ಗೊತ್ತಿರುವ ಸಾವಿರಾರು ಪದಾರ್ಥಗಳು ಈಗಾಗಲೇ ಇವೆ. ಹಾಗಾಗಿ "ಜಗತ್ತಿನಲ್ಲೇ ಮೊದಲು" ಎಂಬ ಹೊಸ ಅಣುವಿನ ಸೀರಮ್‌ಗಿಂತ ಕೊಬ್ಬರಿ ಎಣ್ಣೆ, ಗ್ಲಿಸರಿನ್, ಲೋಳೆಸರದಂಥ ಹಳೆಯ ಪದಾರ್ಥಗಳಿರುವ ಚಿಕ್ಕ ಪಟ್ಟಿಯ ಉತ್ಪನ್ನ ನನ್ನ ಮಟ್ಟಿಗೆ ಒಳ್ಳೆಯ ಆಯ್ಕೆ. ಸೀಗೆಕಾಯಿ, ಕಡಲೆಹಿಟ್ಟು ಒಗ್ಗುವವರಿಗೆ ಇನ್ನೂ ಸುಲಭ.

ಹೆಜ್ಜೆ 4: ಯಾವ ಮೊಲ?

ಮೊಲದ ಚಿತ್ರ ಯಾರು ಬೇಕಾದರೂ ಬಿಡಿಸಿ ಅಂಟಿಸಬಹುದು. ಪಕ್ಕದಲ್ಲಿ ಸಂಸ್ಥೆಯ ಹೆಸರಿಲ್ಲದ ಮೊಲಕ್ಕೆ ಬೆಲೆಯಿಲ್ಲ.

ಹೆಚ್ಚು ಗಟ್ಟಿಯಾದದ್ದು ಲೀಪಿಂಗ್ ಬನ್ನಿ, ಅಂದರೆ ನೆಗೆಯುತ್ತಿರುವ ಮೊಲದ ಗುರುತು. ಲಂಡನ್ನಿನ ಕ್ರೂಯೆಲ್ಟಿ ಫ್ರೀ ಇಂಟರ್‌ನ್ಯಾಷನಲ್ ಮತ್ತು ಉತ್ತರ ಅಮೆರಿಕದ ಸಂಘಟನೆಗಳ ಒಕ್ಕೂಟ ಇದನ್ನು ನಡೆಸುತ್ತವೆ. ಕಂಪನಿ ಒಂದು ದಿನಾಂಕ ನಿಗದಿ ಮಾಡಬೇಕು. ಆ ದಿನದಿಂದ ಮುಂದೆ ತಾನಾಗಲೀ ತನಗೆ ಕಚ್ಚಾ ವಸ್ತು ಕೊಡುವವರಾಗಲೀ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವಂತಿಲ್ಲ. ಪೂರೈಕೆದಾರರ ಮೇಲೆ ಕಣ್ಣಿಡುವ ವ್ಯವಸ್ಥೆ ಇರಬೇಕು, ಹೊರಗಿನವರು ಬಂದು ತಪಾಸಣೆ ಮಾಡಲು ಒಪ್ಪಬೇಕು.

ಇನ್ನೊಂದು ಪ್ರಾಣಿಗಳ ಹಕ್ಕಿಗಾಗಿ ಹೋರಾಡುವ ಪೆಟಾ ಸಂಸ್ಥೆಯ ಗುರುತು. ಭಾರತದ ಹಲವು ಕಂಪನಿಗಳು ಬಳಸುವುದು ಇದನ್ನೇ. ಇದು ಕಂಪನಿ ಸಹಿ ಮಾಡಿಕೊಡುವ ಲಿಖಿತ ಭರವಸೆಯ ಮೇಲೆ ಹೆಚ್ಚಾಗಿ ನಿಂತಿದೆ. ಇದೂ ಉಪಯೋಗದ್ದೇ. ಎರಡೂ ಸಂಸ್ಥೆಗಳ ಜಾಲತಾಣದಲ್ಲಿ ಕಂಪನಿಯ ಹೆಸರು ಹುಡುಕಬಹುದು. ಡಬ್ಬಿಯ ಗುರುತನ್ನು ನಂಬುವ ಬದಲು ಆ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಎರಡು ನಿಮಿಷದ ಕೆಲಸ.

ಕೆಲವು ಸೋಪು, ಶಾಂಪೂಗಳ ಮೇಲೆ ಹಸಿರು ಚುಕ್ಕಿ ಇರುತ್ತದೆ. ಅದು ಒಳಗಿನ ಪದಾರ್ಥ ಸಸ್ಯಾಹಾರಿ ಎಂದು ಹೇಳುತ್ತದೆ. ಪರೀಕ್ಷೆಯ ಬಗ್ಗೆ ಒಂದು ಮಾತೂ ಹೇಳುವುದಿಲ್ಲ.

ಹೆಜ್ಜೆ 5: ಕಂಪನಿ ಎಲ್ಲೆಲ್ಲಿ ಮಾರುತ್ತದೆ, ಯಾರದ್ದು?

ಚೀನಾದ ಬಗ್ಗೆ ಹಳೆಯ ಮಾಹಿತಿ ಈಗಲೂ ಓಡಾಡುತ್ತಿರುತ್ತದೆ. ಮೊದಲೆಲ್ಲ ಅಲ್ಲಿಗೆ ಆಮದಾಗುವ ಸೌಂದರ್ಯವರ್ಧಕಗಳಿಗೆ ಪ್ರಾಣಿಗಳ ಮೇಲಿನ ಪರೀಕ್ಷೆ ಕಡ್ಡಾಯವಾಗಿತ್ತು. 2021ರ ಮೇ 1ರಿಂದ ಶಾಂಪೂ, ಲಿಪ್‌ಸ್ಟಿಕ್‌ನಂಥ ಸಾಮಾನ್ಯ ವಸ್ತುಗಳಿಗೆ ವಿನಾಯಿತಿ ಸಿಗುತ್ತದೆ. ಅದಕ್ಕೆ ತಯಾರಿಕಾ ಗುಣಮಟ್ಟದ ಸರ್ಕಾರಿ ಪ್ರಮಾಣಪತ್ರ ಮತ್ತು ಸುರಕ್ಷತಾ ವರದಿ ಕೊಡಬೇಕು. ಕೂದಲ ಬಣ್ಣ, ಸನ್‌ಸ್ಕ್ರೀನ್, ಬಿಳುಪಿನ ಕ್ರೀಮುಗಳಂಥವನ್ನು ಅಲ್ಲಿ "ವಿಶೇಷ" ಎಂದು ಬೇರೆ ಇಟ್ಟಿದ್ದಾರೆ, ಆ ವಿನಾಯಿತಿ ಅವಕ್ಕಿಲ್ಲ. ಹಾಗಾಗಿ "ಚೀನಾದಲ್ಲಿ ಮಾರುತ್ತೀರಾ" ಎಂದಷ್ಟೇ ಕೇಳಿದರೆ ಸಾಲದು. ಯಾವ ವಸ್ತು, ಯಾವ ದಾರಿಯಲ್ಲಿ ಎಂದು ಕೇಳಿ.

ಮಾತೃ ಕಂಪನಿಯ, ಅಂದರೆ ಬ್ರ್ಯಾಂಡಿನ ಒಡೆತನವಿರುವ ದೊಡ್ಡ ಕಂಪನಿಯ ಪ್ರಶ್ನೆ ನಿಮ್ಮ ಮನಸ್ಸಿಗೆ ಬಿಟ್ಟದ್ದು. 1976ರಲ್ಲಿ ಅನಿತಾ ರಾಡಿಕ್ ಶುರುಮಾಡಿದ ದಿ ಬಾಡಿ ಶಾಪ್ ಪ್ರಾಣಿಗಳ ಮೇಲಿನ ಪರೀಕ್ಷೆಯ ವಿರುದ್ಧ ಮಾತಾಡಿಯೇ ಹೆಸರಾದದ್ದು. 2006ರಲ್ಲಿ ಅದನ್ನು ಈ ಪರೀಕ್ಷೆಗಳಿಗಾಗಿ ಟೀಕೆಗೊಳಗಾಗಿದ್ದ ದೊಡ್ಡ ಕಂಪನಿ ಲೋರಿಯಲ್ ಕೊಂಡಾಗ ಅದರ ಗಿರಾಕಿಗಳಲ್ಲೇ ಜಗಳ ಎದ್ದಿತು. ಕೆಲವರು ಬಿಟ್ಟರು. ಇನ್ನು ಕೆಲವರು, ಒಳ್ಳೆಯ ಬ್ರ್ಯಾಂಡ್ ಕೊಂಡರೆ ದೊಡ್ಡ ಕಂಪನಿಗೆ ಗಿರಾಕಿಗಳು ಏನು ಬಯಸುತ್ತಾರೆ ಎಂದು ಗೊತ್ತಾಗುತ್ತದೆ ಅಂದರು. 2017ರಲ್ಲಿ ಅದು ಮತ್ತೆ ಕೈ ಬದಲಿಸಿತು. ನನಗೆ ಎರಡನೆಯ ವಾದ ಹೆಚ್ಚು ಸರಿ ಅನಿಸುತ್ತದೆ. ಆದರೆ ಮೊದಲನೆಯವರ ನಿಲುವೂ ಗೌರವಿಸಬೇಕಾದದ್ದೇ.

ಹೊರದೇಶದಲ್ಲಿರುವ ಅಕ್ಕನೋ ಅತ್ತೆಯೋ ಬರುವಾಗ ಏನಾದರೂ ತರಲೇ ಎಂದು ಕೇಳಿದರೆ ಇದನ್ನೂ ನೆನಪಿಡಿ. ಬ್ರಿಟನ್‌ನಲ್ಲಿ 1998ರಲ್ಲೇ ಈ ಪರೀಕ್ಷೆಗಳಿಗೆ ಅನುಮತಿ ಕೊಡುವುದನ್ನು ನಿಲ್ಲಿಸಿದ್ದರು. ಕೆನಡಾದಲ್ಲಿ 2023ರ ಕೊನೆಗೆ ನಿಷೇಧ ಬಂತು. ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿಷೇಧ ಇಲ್ಲ. ಕ್ಯಾಲಿಫೋರ್ನಿಯಾ, ನೆವಾಡಾ, ಇಲಿನಾಯ್‌ನಂಥ ರಾಜ್ಯಗಳು 2020ರಿಂದ ತಮ್ಮಲ್ಲಿ ಮಾರಾಟ ತಡೆದಿವೆ. ತರುವವರಿಗೆ ಬ್ರ್ಯಾಂಡಿನ ಹೆಸರು ಪರಿಶೀಲಿಸಿ ಕಳಿಸಿ.

ಹೆಜ್ಜೆ 6: ಒಳಗೆ ಏನಿದೆ, ಓದಿ

ಪರೀಕ್ಷೆ ಮಾಡದ ವಸ್ತುವಿನಲ್ಲೂ ಪ್ರಾಣಿಯಿಂದ ಬಂದ ಪದಾರ್ಥ ಇರಬಹುದು. ಇವೆರಡೂ ಬೇರೆ ವಿಷಯ. ನಿಮಗೆ ಎರಡೂ ಬೇಡವಾದರೆ ಈ ಹೆಸರುಗಳನ್ನು ಗುರುತಿಸಲು ಕಲಿಯಬೇಕು.

ಕೆಂಪು ಲಿಪ್‌ಸ್ಟಿಕ್, ಬ್ಲಷ್‌ಗಳಲ್ಲಿ ಕಾರ್ಮೈನ್ ಇರಬಹುದು. ಲೇಬಲ್ ಮೇಲೆ ಸಿಐ 75470 ಎಂಬ ಸಂಖ್ಯೆ ಮಾತ್ರ ಇರುವುದೂ ಉಂಟು. ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಪುಟ್ಟ ಕೀಟಗಳನ್ನು ಒಣಗಿಸಿ, ಅರೆದು ತೆಗೆಯುವ ಬಣ್ಣ ಅದು. ಸಿಐ 75170 ಅಂದರೆ ಗ್ವಾನಿನ್, ಮೀನಿನ ಹುರುಪೆಯಿಂದ ತೆಗೆಯುವ ಹೊಳಪು. ಲ್ಯಾನೊಲಿನ್ ಕುರಿಯ ಉಣ್ಣೆಯ ಜಿಡ್ಡು. ಸೆರಾ ಆಲ್ಬಾ ಜೇನುಮೇಣ. ಉಗುರು ಬಣ್ಣ, ಹೇರ್ ಸ್ಪ್ರೇಗಳಲ್ಲಿ ಬರುವ ಶೆಲ್ಲಾಕ್ ಅಂದರೆ ನಮ್ಮ ಅರಗು, ಅದೂ ಕೀಟದಿಂದಲೇ. ಸೋಪಿನ ಮೇಲೆ ಸೋಡಿಯಂ ಟ್ಯಾಲೋವೇಟ್ ಎಂದಿದ್ದರೆ ಅದು ದನ ಅಥವಾ ಕುರಿಯ ಕೊಬ್ಬಿನಿಂದ ಮಾಡಿದ್ದು. ಸೋಡಿಯಂ ಪಾಮೇಟ್ ಎಂದಿದ್ದರೆ ತಾಳೆ ಎಣ್ಣೆಯದು.

ಸ್ಕ್ವಾಲೀನ್ ಮತ್ತು ಅದರಿಂದ ಮಾಡುವ ಸ್ಕ್ವಾಲೇನ್ ಶಾರ್ಕ್ ಮೀನಿನ ಯಕೃತ್ತಿನಿಂದಲೂ ಬರಬಹುದು, ಆಲಿವ್ ಅಥವಾ ಕಬ್ಬಿನಿಂದಲೂ ಬರಬಹುದು. ಗ್ಲಿಸರಿನ್, ಸ್ಟಿಯರಿಕ್ ಆಮ್ಲವೂ ಪ್ರಾಣಿಯ ಕೊಬ್ಬಿನಿಂದ ಇಲ್ಲವೇ ಸಸ್ಯದಿಂದ ಬರಬಹುದು. ಲೇಬಲ್ ನೋಡಿ ಹೇಳಲಾಗದು, ಕಂಪನಿಯನ್ನೇ ಕೇಳಬೇಕು. ಹೈಡ್ರೊಲೈಸ್ಡ್ ಸಿಲ್ಕ್, ಸೆರಿಸಿನ್ ರೇಷ್ಮೆಯವು. ರೇಷ್ಮೆ ಗೂಡಿನೊಳಗಿನ ಹುಳುವಿಗೆ ಏನಾಗುತ್ತದೆ ಎಂದು ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಸುಗಂಧದ ವಿಷಯಕ್ಕೆ ಬಂದರೆ ಕಸ್ತೂರಿ ಮೃಗ, ಪುನುಗು ಬೆಕ್ಕು ಎರಡೂ ನಮ್ಮ ಕಾವ್ಯ, ಪೂಜೆಗಳಲ್ಲಿ ಬರುವ ಹೆಸರುಗಳೇ. ಕಸ್ತೂರಿ ಮೃಗ ವನ್ಯಜೀವಿ ಕಾಯ್ದೆಯ ಕಟ್ಟುನಿಟ್ಟಿನ ರಕ್ಷಣೆಯಲ್ಲಿದೆ. ಇಂದು ಅಂಗಡಿಯ ಸೆಂಟುಗಳಲ್ಲಿ ಬರುವ ಮಸ್ಕ್ ಬಹುಪಾಲು ಕೃತಕ. ಆದರೆ ಬಿಡಿಯಾಗಿ ಮಾರುವ ಅತ್ತರನ್ನು "ಅಸಲಿ ಕಸ್ತೂರಿ" ಎಂದು ಯಾರಾದರೂ ಹೊಗಳಿದರೆ ಅಲ್ಲಿಂದ ಸುಮ್ನೆ ಎದ್ದು ಬನ್ನಿ. ಕಸ್ತೂರಿ ಅರಿಶಿನಕ್ಕೆ ಹೆದರಬೇಡಿ, ಅದು ಬರೀ ಗಿಡದ ಗೆಡ್ಡೆ.

ಬ್ರಷ್‌ಗಳನ್ನು ಮರೆಯುವವರೇ ಹೆಚ್ಚು. ಮೇಕಪ್ ಬ್ರಷ್‌ಗಳಲ್ಲಿ ಆಡು, ಅಳಿಲು, ಕುದುರೆಯ ಕೂದಲು ಇರಬಹುದು. "ನ್ಯಾಚುರಲ್ ಹೇರ್" ಎಂದು ಬರೆದಿದ್ದರೆ ಅದೇ ಅರ್ಥ. ಸಿಂಥೆಟಿಕ್ ಬ್ರಷ್ ತಗೊಳ್ಳಿ. ತೊಳೆದರೆ ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ.

ಈ ಪದಾರ್ಥಗಳ ಬಗ್ಗೆ ಜಾಸ್ತಿ ತಿಳಿಯಬೇಕಾದರೆ ಪುಣೆಯ ಬ್ಯೂಟಿ ವಿದೌಟ್ ಕ್ರೂಯೆಲ್ಟಿ ಸಂಸ್ಥೆ 1974ರಿಂದ ಇದೇ ಕೆಲಸ ಮಾಡುತ್ತಿದೆ.

ಹೆಜ್ಜೆ 7: ಬಚ್ಚಲುಮನೆಯಿಂದ ಬದಲಾಯಿಸಿ

ಈಗಾಗಲೇ ಕೊಂಡದ್ದನ್ನು ಎಸೆಯಬೇಡಿ. ಅದರಿಂದ ಯಾವ ಪ್ರಾಣಿಗೂ ಉಪಕಾರವಿಲ್ಲ. ಮುಗಿದ ಹಾಗೆ ಒಂದೊಂದನ್ನೇ ಬದಲಾಯಿಸಿ.

ಹೆಚ್ಚಿನವರು ಲಿಪ್‌ಸ್ಟಿಕ್‌ನಿಂದ ಶುರುಮಾಡುತ್ತಾರೆ. ಒಂದು ಲಿಪ್‌ಸ್ಟಿಕ್ ವರ್ಷವಾದರೂ ಮುಗಿಯದು. ಮನೆಮಂದಿಯೆಲ್ಲ ಬಳಸುವ ಸೋಪು, ಶಾಂಪೂ, ಟೂತ್‌ಪೇಸ್ಟ್ ತಿಂಗಳಿಗೆ ಖಾಲಿಯಾಗುತ್ತವೆ. ನಿಮ್ಮ ದುಡ್ಡು ಹೆಚ್ಚು ಹೋಗುವುದು ಅಲ್ಲಿಗೆ. ಆದ್ದರಿಂದ ಮೊದಲು ಅವುಗಳ ಕಂಪನಿಗಳನ್ನು ವಿಚಾರಿಸಿ.

ಹೆಜ್ಜೆ 8: ಕಂಪನಿಗೆ ಬರೆಯಿರಿ

ಡಬ್ಬಿಯ ಮೇಲೆ ಗ್ರಾಹಕ ಸೇವೆಯ ಇಮೇಲ್ ಇರುತ್ತದೆ. ಹೀಗೆ ಕೇಳಬಹುದು:

"ನಮಸ್ಕಾರ. ನಾನು ನಿಮ್ಮ ಶಾಂಪೂ ಬಳಸುತ್ತಿದ್ದೇನೆ. ನಿಮ್ಮ ತಯಾರಾದ ಉತ್ಪನ್ನಗಳನ್ನು ಯಾವುದೇ ದೇಶದಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಲಾಗುತ್ತದೆಯೇ? ನಿಮಗೆ ಕಚ್ಚಾ ವಸ್ತು ಕೊಡುವವರು ಪರೀಕ್ಷಿಸುತ್ತಾರೆಯೇ? ಯಾವ ದಿನಾಂಕದಿಂದ ನಿಲ್ಲಿಸಿದ್ದೀರಿ? ಯಾವುದೇ ಸರ್ಕಾರ ಕೇಳಿದರೆ ಪರೀಕ್ಷೆಗೆ ಒಪ್ಪುತ್ತೀರಾ? ಇದನ್ನು ಹೊರಗಿನವರು ಯಾರಾದರೂ ಪರಿಶೀಲಿಸಿದ್ದಾರೆಯೇ? ನಿಮ್ಮ ಗ್ಲಿಸರಿನ್ ಸಸ್ಯದ್ದೇ, ಪ್ರಾಣಿಯದ್ದೇ?"

ಉತ್ತರವನ್ನು ಗಮನವಿಟ್ಟು ಓದಿ. "ಕಾನೂನು ಕಡ್ಡಾಯ ಮಾಡಿದ ಕಡೆ ಬಿಟ್ಟು ನಾವು ಪರೀಕ್ಷಿಸುವುದಿಲ್ಲ" ಅಂದರೆ ಎಲ್ಲೋ ಒಂದು ಕಡೆ ಪರೀಕ್ಷೆಗೆ ಒಪ್ಪುತ್ತಾರೆ ಎಂದರ್ಥ. "ನಮ್ಮ ತಯಾರಾದ ಉತ್ಪನ್ನಗಳನ್ನು ಪರೀಕ್ಷಿಸುವುದಿಲ್ಲ" ಎಂದಷ್ಟೇ ಇದ್ದರೆ ಕಚ್ಚಾ ವಸ್ತುವಿನ ಪ್ರಶ್ನೆಯನ್ನು ಇನ್ನೊಮ್ಮೆ ಕಳಿಸಿ. ದಿನಾಂಕ ಹೇಳಿ, ಪೂರೈಕೆದಾರರ ವಿಷಯ ಹೇಳಿ, ತಪಾಸಣೆ ಮಾಡಿದವರ ಹೆಸರು ಕೊಟ್ಟರೆ ಅದು ಒಳ್ಳೆಯ ಉತ್ತರ. ಅಂಥ ಕಂಪನಿಗೆ ಈ ಕಾರಣಕ್ಕೇ ನಿಮ್ಮದನ್ನು ಕೊಳ್ಳುತ್ತಿದ್ದೇನೆ ಎಂದು ತಿರುಗಿ ಬರೆಯಿರಿ. ಸಣ್ಣ ಕಂಪನಿಗಳಿಗೆ ಪ್ರಮಾಣಪತ್ರ ಇಲ್ಲದಿರಬಹುದು. ನೇರವಾಗಿ, ಪೂರ್ತಿಯಾಗಿ ಉತ್ತರ ಕೊಟ್ಟರೆ ನಾನು ಅವರನ್ನು ನಂಬಲು ತಯಾರು.

ಡಬ್ಬಿಯ ಮೇಲೆ ಕ್ರೂಯೆಲ್ಟಿ ಫ್ರೀ ಎಂದು ಬರೆದು, ಆಧಾರ ಕೇಳಿದರೆ ಕೊಡದಿದ್ದವರ ವಿಷಯ ಬೇರೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ನ್ಯಾಚುರಲ್, ಆರ್ಗ್ಯಾನಿಕ್, ಕ್ರೂಯೆಲ್ಟಿ ಫ್ರೀ ಮುಂತಾದ ಮಾತುಗಳನ್ನು ಸರಿಯಾದ ಆಧಾರ ಮತ್ತು ವಿವರ ಇಲ್ಲದೆ ಬಳಸಬಾರದು ಎಂದಿದೆ. ಡಬ್ಬಿಯ ಎಲ್ಲ ಬದಿಗಳ ಫೋಟೋ, ಬಿಲ್ಲು, ನಿಮ್ಮ ಇಮೇಲ್ ಮತ್ತು ಅವರ ಉತ್ತರ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ.